ತಾತಗುಣಿ: ರೋರಿಚ್ ತೋಟಕ್ಕೆ ಬೇಕು ಜನರ ಕಾವಲು

ಬೆಂಗಳೂರಿನ ಸುಂಕದಕಟ್ಟೆಯ ಸುತ್ತಮುತ್ತ ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳಿದ್ದವು. ಈಗ ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು, ಬಡಾವಣೆಗಳು, ಮಾಗಡಿ ರಸ್ತೆಯ ಮುಗಿಯದ ಟ್ರಾಫಿಕ್. ಬೆಳಗಿನ ನಡಿಗೆಗೆ ನಾಲ್ಕು ಮರ ಬೇಕೆಂದರೂ ಹೇರೋಹಳ್ಳಿ ಕೆರೆಯ ಏರಿಯನ್ನೋ ಜ್ಞಾನಭಾರತಿಯನ್ನೋ ಹುಡುಕಿಕೊಂಡು ಹೋಗಬೇಕು. ಇಲ್ಲಿಂದ ನೈಸ್ ರಸ್ತೆ ಹತ್ತಿ, ಮೈಸೂರು ರಸ್ತೆ ದಾಟಿ, ಕನಕಪುರ ರಸ್ತೆಗೆ ಇಳಿದು ದಕ್ಷಿಣಕ್ಕೆ ತಿರುಗಿದರೆ ತಾತಗುಣಿ. ಬೆಂಗಳೂರಿನ ಮಗ್ಗುಲಲ್ಲಿ ಸುಮಾರು 470 ಎಕರೆ ಒಂದೇ ತುಂಡಾಗಿ, ಸೈಟುಗಳಾಗದೆ ಉಳಿದಿರುವ ಅಪರೂಪದ ಜಾಗ ಇದು. ಹೆಸರು ರೋರಿಚ್ ಮತ್ತು ದೇವಿಕಾರಾಣಿ ರೋರಿಚ್ ಎಸ್ಟೇಟ್.

ಚಿತ್ರಕಾರ, ನಟಿ ಮತ್ತು ಒಂದು ತೋಟ

ಸ್ವೆಟೊಸ್ಲಾವ್ ರೋರಿಚ್ 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಹಿಮಾಲಯದ ಚಿತ್ರಗಳಿಂದ ಜಗತ್ತಿಗೆ ಪರಿಚಿತರಾದ ನಿಕೊಲಾಸ್ ರೋರಿಚ್ ಅವರ ಕಿರಿಯ ಮಗ, ಸ್ವತಃ ದೊಡ್ಡ ಚಿತ್ರಕಾರ. ದೇವಿಕಾರಾಣಿ ಮೊದಲ ಪತಿ ಹಿಮಾಂಶು ರಾಯ್ ಜೊತೆಗೂಡಿ 1934ರಲ್ಲಿ ಬಾಂಬೆ ಟಾಕೀಸ್ ಚಿತ್ರ ಕಂಪನಿ ಕಟ್ಟಿದವರು. 1936ರ 'ಅಛೂತ್ ಕನ್ಯಾ' ಚಿತ್ರದ ನಾಯಕಿ. ರಾಯ್ ತೀರಿಕೊಂಡ ಮೇಲೆ ಕೆಲಕಾಲ ಕಂಪನಿಯನ್ನು ತಾವೇ ನಡೆಸಿ, 1945ರಲ್ಲಿ ರೋರಿಚ್ ಅವರನ್ನು ಮದುವೆಯಾಗಿ ಚಿತ್ರರಂಗದಿಂದ ದೂರ ಸರಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಮೊಟ್ಟಮೊದಲು ಆಯ್ಕೆಯಾದ ಹೆಸರೂ ಇವರದೇ.

ಹಿಮಾಚಲದ ಕುಲು ಕಣಿವೆಯಿಂದ ಬೆಂಗಳೂರಿಗೆ ಬಂದ ದಂಪತಿ ತಾತಗುಣಿಯಲ್ಲಿ ನೆಲೆ ಕಂಡುಕೊಂಡರು. ಇಲ್ಲಿ ಅವರು ಬೆಳೆದದ್ದು ರಾಗಿಯನ್ನಲ್ಲ, ಮಾವನ್ನಲ್ಲ, ಲಿನಾಲೋ ಮರವನ್ನು. ಮೆಕ್ಸಿಕೊ ಮೂಲದ ಈ ಮರದ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಸಾಕು, ಘಮ್ಮೆನ್ನುತ್ತದೆ. ಇದರ ಪುಟ್ಟ ಕಾಯಿಗಳ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಬರುವ ಎಣ್ಣೆಗೆ ಅತ್ತರು, ಸೋಪು ತಯಾರಿಕೆಯಲ್ಲಿ ಒಳ್ಳೆಯ ಬೇಡಿಕೆ. ತೋಟದ ಒಡೆಯರು ಊರಿನ ಕಲಾಲೋಕಕ್ಕೂ ಹತ್ತಿರವಾಗಿದ್ದರು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಇಂದಿಗೂ ಅಪ್ಪ-ಮಗ ರೋರಿಚ್‌ರ ಕೃತಿಗಳಿಗೆ ಪ್ರತ್ಯೇಕ ಗ್ಯಾಲರಿ ಇದೆ.

ಕೋರ್ಟು ಉಳಿಸಿದ ನೆಲ

ದಂಪತಿಗೆ ಮಕ್ಕಳಿರಲಿಲ್ಲ. 1993ರ ಜನವರಿಯಲ್ಲಿ ರೋರಿಚ್, 1994ರ ಮಾರ್ಚ್ 9ರಂದು ದೇವಿಕಾರಾಣಿ ತೀರಿಕೊಂಡರು. ಇದರ ನಡುವೆ ಜಮೀನಿನ ವ್ಯಾಜ್ಯ ಹೊತ್ತಿಕೊಂಡಿತ್ತು. ಎಸ್ಟೇಟಿನ ಭಾಗವನ್ನು ಖರೀದಿಸಿದ್ದೇವೆ ಎಂದು ಒಂದು ಕಂಪನಿ ಮುಂದೆ ಬಂತು. ಲಿನಾಲೋ ಕೃಷಿಗೆ ಭೂಸುಧಾರಣಾ ಕಾಯ್ದೆಯಲ್ಲಿ ವಿನಾಯಿತಿ ಇದ್ದುದರಿಂದಲೇ ಇಷ್ಟು ದೊಡ್ಡ ಹಿಡುವಳಿ ಒಬ್ಬರ ಕೈಯಲ್ಲಿ ಉಳಿಯಲು ಸಾಧ್ಯವಾಗಿತ್ತು. ದೇವಿಕಾರಾಣಿ ನಿಧನದ ಹಿಂದಿನ ದಿನವಷ್ಟೇ, ಅಂದರೆ ಮಾರ್ಚ್ 8ರಂದು, ಸರ್ಕಾರ ಆ ವಿನಾಯಿತಿಯನ್ನು ಹಿಂದಕ್ಕೆ ಪಡೆಯಿತು. 1996ರಲ್ಲಿ ಇದೊಂದೇ ಎಸ್ಟೇಟಿಗಾಗಿ ಪ್ರತ್ಯೇಕ ಸ್ವಾಧೀನ ಕಾಯ್ದೆಯನ್ನೇ ತಂದಿತು.

ಬೆಲೆಬಾಳುವ ಮರಗಳನ್ನು ಉಳಿಸುವುದು, ಚಿತ್ರ ಮತ್ತು ಕಲಾವಸ್ತುಗಳನ್ನು ಕಾಪಾಡುವುದು, ಕಲಾ ಗ್ಯಾಲರಿಯೂ ಆದ ಮ್ಯೂಸಿಯಂ ಕಟ್ಟುವುದು ಆ ಕಾಯ್ದೆಯ ಉದ್ದೇಶ. ಕಾಯ್ದೆಯನ್ನು ಪ್ರಶ್ನಿಸಿದ ಪ್ರಕರಣ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. 2011ರ ಆಗಸ್ಟ್ 9ರಂದು ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿ ಹಕ್ಕಿಗೆ ಸಂಬಂಧಿಸಿದ ಸಂವಿಧಾನದ 300ಎ ವಿಧಿಯ ಪಾಠದಲ್ಲಿ ಕಾನೂನು ವಿದ್ಯಾರ್ಥಿಗಳು ಇಂದು ಓದುವ ಪ್ರಮುಖ ತೀರ್ಪು ಇದು. ಖಾಸಗಿ ತೋಟ ಹೀಗೆ ಸಾರ್ವಜನಿಕರ ಸ್ವತ್ತಾಯಿತು. ನಂತರದ ವರ್ಷಗಳಲ್ಲಿ ಮ್ಯೂಸಿಯಂ, ಸಾಂಸ್ಕೃತಿಕ ಕೇಂದ್ರ ಎಂದೆಲ್ಲ ಯೋಜನೆಗಳು ಮತ್ತೆ ಮತ್ತೆ ಸುದ್ದಿಯಾದವು.

ಆನೆ ಬರುವ ತೋಟ

ಎಸ್ಟೇಟಿನೊಳಗೆ ಕೆರೆ ಇದೆ. ಬನ್ನೇರುಘಟ್ಟ ಕಾಡು ದೂರವಿಲ್ಲ. ಹಾಗಾಗಿ ಆನೆಗಳು ಇತ್ತ ಬಂದು, ಹಗಲು ಮರಗಳ ನಡುವೆ ಬೀಡುಬಿಟ್ಟು ಹೋಗುವುದುಂಟು. ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿರುವಾಗ ಆನೆಗಳಿಗೂ ಇದು ತಂಗುದಾಣ.

ಆದರೆ ತೋಟ ತಾನಾಗಿ ಬಿಟ್ಟರೆ ತೋಟವಾಗಿ ಉಳಿಯುವುದಿಲ್ಲ. ಲಂಟಾನ ನುಗ್ಗುತ್ತದೆ, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ, ಹಳೆಯ ಲಿನಾಲೋ ಮರಗಳು ಒಂದೊಂದಾಗಿ ಉರುಳುತ್ತವೆ. ಲಿನಾಲೋ ಮರದ ರೆಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ನೆಡುವ ಕೈ ಬೇಕಷ್ಟೆ. ಮೆಕ್ಸಿಕೊದ ಮರಕ್ಕೇಕೆ ಇಷ್ಟು ಕಾಳಜಿ ಎಂದು ಕೇಳುವವರಿದ್ದಾರೆ. ಇಲ್ಲಿ ಅದು ಬರೀ ಮರವಲ್ಲ, ಚರಿತ್ರೆಯ ದಾಖಲೆ. ಒಂದಷ್ಟು ಲಿನಾಲೋ ಸಾಲುಗಳನ್ನು ಸ್ಮಾರಕದಂತೆ ಕಾಪಾಡಿ, ಉಳಿದೆಡೆ ನಮ್ಮ ಹೊಂಗೆ, ಬೇವು, ನೇರಳೆ, ಆಲಗಳಿಗೆ ಜಾಗ ಬಿಟ್ಟರೆ ಆನೆಗೂ ಹಿತ, ಚರಿತ್ರೆಗೂ ಹಿತ.

ತುರಹಳ್ಳಿ ಕಲಿಸಿದ ಪಾಠ

ಜನ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೆಂಗೇರಿ ಮತ್ತು ಕನಕಪುರ ರಸ್ತೆಯ ನಡುವೆ ಐನೂರಕ್ಕೂ ಹೆಚ್ಚು ಎಕರೆಯ ತುರಹಳ್ಳಿ ಕಾಡಿದೆ. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಅರಣ್ಯ ಇಲಾಖೆ ಹೊರಟಾಗ ಸೈಕಲ್ ತುಳಿಯುವವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು, ಸುತ್ತಲ ಬಡಾವಣೆಗಳ ಹಿರಿಯರು, ಮಕ್ಕಳು ಒಟ್ಟಾಗಿ ಬೀದಿಗಿಳಿದರು. ಕಾಂಕ್ರೀಟ್ ಹಾದಿ, ಬೆಂಚು, ಆಟದ ಸಾಮಾನು ಬೇಡ, ಕಾಡು ಕಾಡಾಗಿಯೇ ಇರಲಿ ಎಂಬುದಷ್ಟೇ ಅವರ ಬೇಡಿಕೆ. ಅಂದಿನ ಅರಣ್ಯ ಸಚಿವ ಅರವಿಂದ ಲಿಂಬಾವಳಿ ಯೋಜನೆ ಕೈಬಿಡುವುದಾಗಿ ಪ್ರಕಟಿಸಿದರು. ಘೋಷಣೆ ಕೂಗಿದ್ದು ಕೆಲವು ದಿನ ಮಾತ್ರ. ಒಡೆದ ಬಾಟಲಿ ಚೂರು, ಚಿಪ್ಸ್ ಪೊಟ್ಟಣ ಆಯ್ದು ಗೋಣಿಚೀಲ ತುಂಬಿಸುವ ಕೆಲಸಕ್ಕೆ ಮಾತ್ರ ಕೊನೆಯಿಲ್ಲ.

ಹಳೆಯ ಎಸ್ಟೇಟುಗಳನ್ನು ಜನರ ಸೇವೆಯಿಂದ ಉಳಿಸುವುದು ಹೊರಗಿನ ದೇಶಗಳಲ್ಲಿ ಹೊಸದೇನಲ್ಲ. 1895ರಲ್ಲಿ ಶುರುವಾದ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್‌ನ ತೋಟ, ಬಂಗಲೆ, ಕಾಡುಗಳಲ್ಲಿ ಹತ್ತಾರು ಸಾವಿರ ಸ್ವಯಂಸೇವಕರು ಕಳೆ ಕೀಳುವುದರಿಂದ ಹಿಡಿದು ಬಂದವರಿಗೆ ಕಥೆ ಹೇಳುವವರೆಗೆ ದುಡಿಯುತ್ತಾರೆ. ನಮ್ಮಲ್ಲೇ, ಹಿಮಾಚಲದ ನಗ್ಗರ್‌ನಲ್ಲಿ ರೋರಿಚ್ ಕುಟುಂಬದ ಮನೆ ಒಂದು ಸ್ಮಾರಕ ಟ್ರಸ್ಟಿನ ಆಶ್ರಯದಲ್ಲಿ ಮ್ಯೂಸಿಯಂ ಆಗಿ ಪ್ರವಾಸಿಗರನ್ನು ಸ್ವಾಗತಿಸುತ್ತಿದೆ.

ತಾತಗುಣಿಗೂ ಅಂಥ ಸ್ವಯಂಸೇವಕರ ಬಳಗ ಬೇಕು. ಶಾಲಾ ಮಕ್ಕಳಿಗೆ ಮರ ಗುರುತಿಸುವ ನಡಿಗೆ, ಸಸ್ಯಶಾಸ್ತ್ರ ವಿದ್ಯಾರ್ಥಿಗಳಿಂದ ಮರಗಣತಿ, ಬೇಸಿಗೆಗೆ ಮೊದಲು ಬೆಂಕಿರೇಖೆ ಸವರುವ ಶ್ರಮದಾನ: ಇವಕ್ಕೆ ಕೋಟಿಗಟ್ಟಲೆ ಅನುದಾನ ಬೇಡ, ಸರ್ಕಾರದ ಒಪ್ಪಿಗೆ ಮತ್ತು ಒಂದು ವೇಳಾಪಟ್ಟಿ ಸಾಕು. ಆನೆ ಓಡಾಡುವ ಜಾಗವಾದ್ದರಿಂದ ಎಷ್ಟು ಜನ, ಯಾವ ಹೊತ್ತಿಗೆ ಎಂಬ ಲೆಕ್ಕ ಅರಣ್ಯ ಇಲಾಖೆಯದೇ ಆಗಿರಲಿ.

ಹೋಗುವುದು ಹೇಗೆ? ಸುಂಕದಕಟ್ಟೆ ಕಡೆಯಿಂದ ನೈಸ್ ರಸ್ತೆಯ ಮಾಗಡಿ ರಸ್ತೆ ಜಂಕ್ಷನ್ ಹತ್ತಿ ಕನಕಪುರ ರಸ್ತೆಯಲ್ಲಿ ಇಳಿಯಬಹುದು. ಮೆಟ್ರೊದಲ್ಲಾದರೆ ಹಸಿರು ಮಾರ್ಗದ ಕೊನೆಯ ನಿಲ್ದಾಣ ರೇಷ್ಮೆ ಸಂಸ್ಥೆಯವರೆಗೆ ಹೋಗಿ, ಅಲ್ಲಿಂದ ಕನಕಪುರ ಕಡೆಯ ಬಸ್ ಹಿಡಿಯಬೇಕು. ಎಸ್ಟೇಟಿನೊಳಗೆ ಪ್ರವೇಶಕ್ಕೆ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ.