ಲಾ ರೋಲ್ದಾನಾಳ ಮಣ್ಣಿನ ಸಂತರು

ಸುಟ್ಟ ಜೇಡಿಮಣ್ಣಿನ ಮೇಲೆ ಬಣ್ಣ ಹಚ್ಚಿದ ಪುಟ್ಟ ಮೂರ್ತಿಗಳು ಹದಿನೇಳನೆಯ ಶತಮಾನದ ಸ್ಪೇನಿನಲ್ಲಿ ಮನೆಯೊಳಗಿನ ಪ್ರಾರ್ಥನೆಗೆಂದೇ ತಯಾರಾಗುತ್ತಿದ್ದವು. ಮೇರಿ ಮಾತೆ, ಬಾಲಯೇಸು, ಸಂತರು, ದೇವದೂತರು ಇವುಗಳ ವಸ್ತು. ಶ್ರೀಮಂತರ ಮನೆಯ ಪ್ರಾರ್ಥನಾ ಕೋಣೆ, ಸಂನ್ಯಾಸಿನಿಯರ ಮಠದ ಗೂಡು ಇವುಗಳ ನೆಲೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮೆರವಣಿಗೆಯಲ್ಲಿ ಹೊರುವ ಆಳೆತ್ತರದ ವಿಗ್ರಹಗಳು ಮರದವು. ಬೀದಿಯ ಜನರಿಗೆ ಅವು ದೂರದಿಂದಲೇ ಕಾಣಬೇಕಿತ್ತು. ಮನೆಯ ಮೂರ್ತಿಯನ್ನು ಭಕ್ತರು ಹತ್ತಿರ ಕುಳಿತು, ದಿನವೂ ನೋಡುತ್ತಿದ್ದರು. ಹಾಗಾಗಿ ಕಣ್ಣರೆಪ್ಪೆ, ಉಗುರು, ಸೆರಗಿನ ಅಂಚಿನವರೆಗೂ ಕುಸುರಿ ನಡೆಯುತ್ತಿತ್ತು.

ಈ ರೂಢಿಯ ಬೇರು ಇಟಲಿಯಲ್ಲಿದೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಪಾದ್ರಿ ಜೊವಾನ್ನಿ ದೊಮಿನಿಚಿ, ಮಕ್ಕಳ ಕಣ್ಣಿಗೆ ಬೀಳುವಂತೆ ಮನೆಯಲ್ಲಿ ಬಾಲಯೇಸುವಿನ ಮತ್ತು ಸಂತರ ಬಾಲ್ಯದ ಚಿತ್ರ, ಮೂರ್ತಿಗಳನ್ನು ಇಡಬೇಕೆಂದು ಬರೆದಿದ್ದ. ಅಚ್ಚಿನಿಂದ ತೆಗೆದ ಮಣ್ಣಿನ ಮೇರಿ ಮಾತೆಯರು ಆ ಕಾಲದ ಮನೆಮನೆಗೆ ಹೋದರು. ಮುಂದೆ ಫ್ಲಾರೆನ್ಸಿನವನೇ ಆದ ಪಿಯೆತ್ರೊ ತೊರಿಜಾನೊ ಸ್ಪೇನಿನ ಸೆವಿಲ್ ನಗರಕ್ಕೆ ಬಂದ. ಹರೆಯದಲ್ಲಿ ಜಗಳವಾಡಿ ಮೈಕೆಲೇಂಜೆಲೊನ ಮೂಗು ಮುರಿದವನು ಈತನೇ. ಸುಮಾರು 1525ರಲ್ಲಿ ಈತ ಮಣ್ಣಿನಲ್ಲಿ ಮಾಡಿದ ಸಂತ ಜೆರೋಮ್ ಇಂದಿಗೂ ಸೆವಿಲ್‌ನ ಲಲಿತಕಲಾ ಸಂಗ್ರಹಾಲಯದಲ್ಲಿದ್ದಾನೆ. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಮೂರ್ತಿಗಳ ಗೌರವವನ್ನು ಎತ್ತಿಹಿಡಿದ ಮೇಲೆ ಬೇಡಿಕೆ ಮತ್ತಷ್ಟು ಬೆಳೆಯಿತು.

ತಯಾರಿಕೆಯಲ್ಲಿ ಮೊದಲ ಎಚ್ಚರಿಕೆ ಟೊಳ್ಳು ಮಾಡುವುದು. ಮಣ್ಣು ಗಟ್ಟಿ ಮುದ್ದೆಯಾಗಿ ಉಳಿದರೆ ಒಳಗಿನ ತೇವ ಆವಿಗೆಯ ಶಾಖಕ್ಕೆ ಉಕ್ಕಿ ಮೂರ್ತಿ ಸಿಡಿಯುತ್ತದೆ. ಅದಕ್ಕೆಂದೇ ಹಿಂಬದಿಯಿಂದಲೋ ತಳದಿಂದಲೋ ಒಳಗಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಸುಟ್ಟ ಬಳಿಕ ಅಂಟಿನಲ್ಲಿ ಕಲಸಿದ ಬಿಳಿ ಲೇಪ, ಅದರ ಮೇಲೆ ಎಣ್ಣೆಬಣ್ಣ. ಗಾಜಿನಂಥ ಹೊಳಪುಲೇಪ ಇಲ್ಲಿ ಇಲ್ಲ. ಅದು ಸಣ್ಣ ಗೆರೆಗಳನ್ನು ಮುಚ್ಚಿಬಿಡುತ್ತದೆ. ಮೈಬಣ್ಣ ಮಿರುಗಬೇಕೋ ಬೇಡವೋ ಎಂಬ ಬಗ್ಗೆ ದೊಡ್ಡ ಚರ್ಚೆಯೇ ಇತ್ತು. ಚಿತ್ರಕಾರ ವೆಲಾಸ್ಕೆಸ್‌ನ ಮಾವ ಫ್ರಾನ್ಸಿಸ್ಕೊ ಪಚೆಕೊ, ಮಿರುಗದ ಬಣ್ಣವೇ ನಿಜವಾದ ಚರ್ಮಕ್ಕೆ ಹತ್ತಿರವೆಂದು ವಾದಿಸಿದ. ಕಸುಬುದಾರರ ಸಂಘಗಳ ಕಟ್ಟಳೆಯಂತೆ ಶಿಲ್ಪಿಯೇ ಬೇರೆ, ಬಣ್ಣದವನೇ ಬೇರೆ.

ಈ ಕಲೆಯನ್ನು ಅತಿ ಎತ್ತರಕ್ಕೆ ಒಯ್ದವಳು ಲೂಯಿಸಾ ರೋಲ್ದಾನ್. ಜನ ಕರೆದದ್ದು ಲಾ ರೋಲ್ದಾನಾ ಎಂದು. 1652ರಲ್ಲಿ ಸೆವಿಲ್‌ನಲ್ಲಿ ಹುಟ್ಟಿದ ಆಕೆ ಹೆಸರಾಂತ ಶಿಲ್ಪಿ ಪೆದ್ರೊ ರೋಲ್ದಾನ್‌ನ ಮಗಳು; ಕಲಿತದ್ದು ಅಪ್ಪನ ಕಾರ್ಯಾಗಾರದಲ್ಲೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ಕೆಲಸ ಕಲಿಯುತ್ತಿದ್ದ ಲೂಯಿಸ್ ಆಂತೋನಿಯೊ ದೆ ಲೋಸ್ ಆರ್ಕೋಸ್‌ನನ್ನು ಮದುವೆಯಾಗಲು ಹೊರಟಾಗ ಅಪ್ಪ ಒಪ್ಪಲಿಲ್ಲ. ವಿಷಯ ನ್ಯಾಯಾಧೀಶರವರೆಗೆ ಹೋಯಿತು. 1671ರಲ್ಲಿ ಮದುವೆ ನಡೆದೇ ನಡೆಯಿತು. ಹೆಂಡತಿ ಮೂರ್ತಿ ಮಾಡಿದರೆ ಗಂಡನ ತಮ್ಮ ತೋಮಾಸ್ ಬಣ್ಣ ಹಚ್ಚುತ್ತಿದ್ದ. ಹೆಣ್ಣು ಸ್ವತಂತ್ರವಾಗಿ ಕಾರ್ಯಾಗಾರ ನಡೆಸುವಂತಿರಲಿಲ್ಲವಾದ್ದರಿಂದ ಕರಾರುಪತ್ರಗಳಲ್ಲಿ ಗಂಡನ ಹೆಸರು ಇರುತ್ತಿತ್ತು. ಕಾದಿಸ್ ನಗರದ ಪ್ರಧಾನ ಚರ್ಚಿನಲ್ಲಿರುವ ಮರದ ಕ್ರಿಸ್ತನನ್ನು ಬಹುಕಾಲದ ನಂತರ ದುರಸ್ತಿ ಮಾಡುವಾಗ ಒಳಗೆ ಚೀಟಿಯೊಂದು ಸಿಕ್ಕಿತು. ಮೂರ್ತಿಯನ್ನು 1684ರಲ್ಲಿ ಮಾಡಿದವಳು ಲೂಯಿಸಾ ಎಂದು ಅದರಲ್ಲಿ ಬರೆದಿತ್ತು.

1680ರ ದಶಕದ ಕೊನೆಗೆ ಸಂಸಾರ ಮ್ಯಾಡ್ರಿಡ್‌ಗೆ ಬಂತು. 1692ರಲ್ಲಿ ಎರಡನೇ ಚಾರ್ಲ್ಸ್ ದೊರೆ ಆಕೆಯನ್ನು ಆಸ್ಥಾನ ಶಿಲ್ಪಿಯಾಗಿ ನೇಮಿಸಿದ. ಸ್ಪೇನಿನಲ್ಲಿ ಆ ಪದವಿಗೇರಿದ ಮೊದಲ ಹೆಣ್ಣು ಆಕೆ. ಸಣ್ಣ ಮಣ್ಣಿನ ಗುಂಪುಗಳು ಹೆಚ್ಚಾಗಿ ಈ ಅವಧಿಯವು. ಒಂದೇ ಪೀಠದ ಮೇಲೆ ನಾಲ್ಕಾರು ಆಕೃತಿಗಳು, ಮೋಡ, ಮರ, ದೇವದೂತರ ಮಕ್ಕಳು. ಜೊತೆಗೆ ಆಸ್ಥಾನ ಶಿಲ್ಪಿ ಎಂಬ ಬಿರುದಿನ ಸಮೇತ ಆಕೆಯದೇ ಸಹಿ. ಬಿರುದಿತ್ತು, ಆದರೆ ಕಾಸು ಕೈಗೆ ಬರುತ್ತಿರಲಿಲ್ಲ. ಇರಲು ಜಾಗ, ಉಡಲು ಬಟ್ಟೆ, ಮಕ್ಕಳಿಗೆ ಅನ್ನ ಕೇಳಿ ಆಕೆ ಅರಮನೆಗೆ ಬರೆದ ಅರ್ಜಿಗಳು ಉಳಿದಿವೆ. ಹೊಸ ದೊರೆ ಐದನೇ ಫಿಲಿಪ್ ಬಂದಾಗಲೂ ತನ್ನ ಮಣ್ಣಿನ ಕೃತಿಗಳನ್ನು ಒಪ್ಪಿಸಿ ಅದೇ ಕೆಲಸವನ್ನು ಬೇಡಿ ಪಡೆದಳು. 1706ರ ಜನವರಿಯಲ್ಲಿ, ತನ್ನ ಬಳಿ ಏನೂ ಇಲ್ಲವೆಂಬ ಬಡತನದ ಹೇಳಿಕೆಗೆ ಸಹಿ ಹಾಕಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ರೋಮಿನ ಸಂತ ಲ್ಯೂಕ್ ಅಕಾಡೆಮಿ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಂಡದ್ದೂ ಅದೇ ತಿಂಗಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನ್ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಿದಾಗ ಇಂಥ ಎಷ್ಟೋ ಮೂರ್ತಿಗಳು ನೆಲೆ ತಪ್ಪಿದವು. ಬೆರಳು, ರೆಕ್ಕೆ ಮುರಿದವು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಿತ್ತು. ಲೂಯಿಸಾಳ ಕೃತಿಗಳು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ, ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿ ಇವೆ. ಕ್ರಿಸ್ತನ ದೇಹವನ್ನು ಸಮಾಧಿಗೆ ಇಳಿಸುವ ಗುಂಪೊಂದನ್ನು ಅಲ್ಲಿನದೇ ಮೆಟ್ರೊಪಾಲಿಟನ್ ಸಂಗ್ರಹಾಲಯ 2016ರಲ್ಲಿ ಕೊಂಡಿತು. ಮಣ್ಣು ಅಗ್ಗ, ಗಾತ್ರ ಚಿಕ್ಕದು, ಜಾಗ ಮನೆಯ ಒಳಗೆ ಎಂಬ ಕಾರಣಕ್ಕೆ ಶಿಲ್ಪಕಲೆಯ ಚರಿತ್ರೆ ಇವನ್ನು ಬಹುಕಾಲ ಬದಿಗಿಟ್ಟಿತ್ತು. ಲೂಯಿಸಾಳ ಹೆಸರು ಉಳಿದದ್ದು ಆಕೆ ಸಹಿ ಹಾಕಿದ್ದರಿಂದ. ಅದೇ ಕಾರ್ಯಾಗಾರದಲ್ಲಿ ಆಕೆಯ ಸಹೋದರಿಯರೂ ದುಡಿದರು; ಅವರ ಪಾಲು ಅಪ್ಪನ ಹೆಸರಿನಡಿ ಸೇರಿಹೋಗಿದೆ.