ನಿಮಗಿದು ಗೊತ್ತೇ?: ಕೈಕೊಡದ ಪೆನ್ನು

ಅಂಗಡಿಯಲ್ಲಿ ಪೆನ್ನು ಆರಿಸುವಾಗ ನಾವು ನೋಡುವುದು ಬಣ್ಣ, ಹಿಡಿತ, ಕ್ಲಿಪ್ಪು. ಹತ್ತು ರೂಪಾಯಿಯ ಪೆನ್ನಿಗೂ ಇನ್ನೂರರದಕ್ಕೂ ಇರುವ ಬೆಲೆಯ ಅಂತರ ಬಹುಪಾಲು ಈ ಹೊರಮೈಯದ್ದೇ. ಬರೆಯುವುದು ಮಾತ್ರ ರಿಫಿಲ್ ತುದಿಯಲ್ಲಿ ಕೂತ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಗುಂಡು. ಪೆನ್ನು ನಂಬಿಕಸ್ಥವೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿ.

ಪೆನ್ನಿನ ಮೇಲೆ 0.5, 0.7, 1.0 ಎಂದು ಅಚ್ಚಾಗಿರುತ್ತದಲ್ಲ, ಅದು ಗೆರೆಯ ದಪ್ಪವಲ್ಲ. ಮಿಲಿಮೀಟರ್ ಲೆಕ್ಕದಲ್ಲಿ ಆ ಗುಂಡಿನ ವ್ಯಾಸ. ಬಾಲ್‌ಪೆನ್ನಿನ ಗೆರೆ ಸಾಮಾನ್ಯವಾಗಿ ಅದರ ಸುಮಾರು ಅರ್ಧದಷ್ಟಿರುತ್ತದೆ.

ಒಳ್ಳೆಯ ಪೆನ್ನಿನ ಗುಂಡು ಟಂಗ್‌ಸ್ಟನ್ ಕಾರ್ಬೈಡಿನದು. ಲೋಹ ಕತ್ತರಿಸುವ ಉಪಕರಣಗಳ ಬಾಯಿಗೆ ಹಾಕುವುದೂ ಅದನ್ನೇ. ಹೀಗಾಗಿ ಗುಂಡಿಗಿಂತ ಮೊದಲು ಸವೆಯುವುದು ಅದನ್ನು ಹಿಡಿದುಕೊಂಡಿರುವ ಪುಟ್ಟ ಬಟ್ಟಲು. ಬಟ್ಟಲು ಬಿಗಿಯಾದರೆ ಇಂಕು ಬಾರದು, ಸಡಿಲವಾದರೆ ಜೇಬು ಉಳಿಯದು.

ಆ ಬಟ್ಟಲಿನ ಕಷ್ಟ ಚೀನಾವನ್ನು ಕೇಳಬೇಕು. ವರ್ಷಕ್ಕೆ ಸಾವಿರಾರು ಕೋಟಿ ಪೆನ್ನು ತಯಾರಿಸುತ್ತಿದ್ದ, ಗಗನಯಾತ್ರಿಗಳನ್ನು ಕಕ್ಷೆಗೆ ಕಳಿಸಿದ್ದ ಆ ದೇಶ ಪೆನ್ನಿನ ಮೂತಿಗೆ ಬೇಕಾದ ಉಕ್ಕನ್ನು ಜಪಾನಿನಂಥ ದೇಶಗಳಿಂದ ತರಿಸುತ್ತಿತ್ತು. ಮೂತಿ ಕೊರೆಯುವ ಯಂತ್ರಗಳು ಸ್ವಿಟ್ಜರ್‌ಲೆಂಡಿನವು. ಆಗಿನ ಪ್ರಧಾನಿ ಲಿ ಕೆಚಿಯಾಂಗ್ 2016ರ ಆರಂಭದಲ್ಲಿ ಇದನ್ನೇ ಎತ್ತಿ, ನಮ್ಮಲ್ಲಿ ನಯವಾಗಿ ಬರೆಯುವ ಬಾಲ್‌ಪೆನ್ನು ಆಗುತ್ತಿಲ್ಲವೆಂದು ಬಹಿರಂಗವಾಗಿಯೇ ಕೊರಗಿದರು. ಐದು ವರ್ಷ ಒದ್ದಾಡಿದ ತೈಯುವಾನ್‌ನ ಉಕ್ಕಿನ ಕಾರ್ಖಾನೆ 2017ರ ಜನವರಿಯಲ್ಲಿ, 2.3 ಮಿಲಿಮೀಟರ್ ದಪ್ಪದ ಅಂಥ ಉಕ್ಕಿನ ತಂತಿ ತಮ್ಮಲ್ಲೇ ಸಿದ್ಧವಾಯಿತೆಂದು ಪ್ರಕಟಿಸಿತು. ಚೀನಾದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಹತ್ತು ರೂಪಾಯಿಗೆ ಬರೆಯುವ ಪೆನ್ನು ಸಿಗುವುದೇ ಸೋಜಿಗ ಎಂದು ನನಗನ್ನಿಸಿದ್ದು ಇದನ್ನು ಓದಿದ ಮೇಲೆ.

ಮೊದಲ ಬಾಲ್‌ಪೆನ್ನು ಕಾಗದಕ್ಕಾಗಿ ಹುಟ್ಟಿದ್ದೇ ಅಲ್ಲ! ಅಮೆರಿಕದ ಜಾನ್ ಲೌಡ್ 1888ರಲ್ಲಿ ಪೇಟೆಂಟ್ ಪಡೆದದ್ದು ಚರ್ಮದಂಥ ಒರಟು ವಸ್ತುಗಳ ಮೇಲೆ ಗುರುತು ಹಾಕಲು. ಕಾಗದದ ಮೇಲೆ ಅದು ಕೆಲಸಕ್ಕೆ ಬರಲಿಲ್ಲ. ಪೇಟೆಂಟಿನ ಅವಧಿ ಹಾಗೇ ಮುಗಿದುಹೋಯಿತು.

ಕಾಗದಕ್ಕೆ ಹೊಂದಿಸಿದವನು ಹಂಗೆರಿಯ ಪತ್ರಕರ್ತ ಲಾಸ್ಲೊ ಬಿರೊ. ಅಚ್ಚಿನ ಮಸಿ ಬೇಗ ಒಣಗುವುದನ್ನು ಕಂಡಿದ್ದ ಅವನು ಅದನ್ನೇ ಪೆನ್ನಿಗೆ ತುಂಬಲು ನೋಡಿದ. ಮಂದವಾದ ಮಸಿ ಇಳಿಯಲಿಲ್ಲ. ಸಹೋದರ ಜ್ಯೋರ್ಜಿ ರಸಾಯನಶಾಸ್ತ್ರ ಬಲ್ಲವನು. ಇಬ್ಬರೂ ಸೇರಿ ಇಂಕನ್ನೂ ಗುಂಡನ್ನೂ ಒಂದಕ್ಕೊಂದು ಒಗ್ಗಿಸಿದರು. 1938ರಲ್ಲಿ ಪೇಟೆಂಟ್, ಆಮೇಲೆ ಯೆಹೂದಿಗಳಾದ ಕಾರಣ ದೇಶ ಬಿಟ್ಟು ಅರ್ಜೆಂಟೀನಾ. ವಿಮಾನ ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಫೌಂಟನ್ ಪೆನ್ನು ಕಕ್ಕುತ್ತಿತ್ತು. ಬಿರೊನ ಪೆನ್ನಿಗೆ ಆ ರೋಗವಿರಲಿಲ್ಲವಾಗಿ ಬ್ರಿಟನ್ನಿನ ವಾಯುಪಡೆ ಅದನ್ನು ಕೊಂಡಿತು. ಅವನ ಹುಟ್ಟುಹಬ್ಬವಾದ ಸೆಪ್ಟೆಂಬರ್ 29 ಇಂದಿಗೂ ಅರ್ಜೆಂಟೀನಾದಲ್ಲಿ ಆವಿಷ್ಕಾರಕರ ದಿನ.

1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಮಳಿಗೆಯ ಮುಂದೆ ಜನ ಮುಗಿಬಿದ್ದದ್ದು ಮಿಲ್ಟನ್ ರೆನಾಲ್ಡ್ಸ್ ತಂದ ಬಾಲ್‌ಪೆನ್ನಿಗೆ. ಬೆಲೆ 12.50 ಡಾಲರ್, ಒಂದೇ ದಿನದಲ್ಲಿ ಸಾವಿರಾರು ಖರ್ಚಾದವು. ಆದರೆ ಸೋರುವವು ಸೋರಿದವು, ಬರೆಯದವು ವಾಪಸು ಬಂದವು. ಕೆಲವೇ ವರ್ಷಗಳಲ್ಲಿ ಬಾಲ್‌ಪೆನ್ನಿನ ಬೆಲೆ ಒಂದು ಡಾಲರಿಗಿಂತ ಕೆಳಗಿಳಿಯಿತು, ಮರ್ಯಾದೆಯೂ ಇಳಿಯಿತು.

ಮರ್ಯಾದೆ ಮರಳಿ ತಂದದ್ದು ಫ್ರಾನ್ಸಿನ ಮಾರ್ಸೆಲ್ ಬಿಕ್ 1950ರ ಡಿಸೆಂಬರಿನಲ್ಲಿ ಬಿಟ್ಟ ಬಿಕ್ ಕ್ರಿಸ್ಟಲ್. ಆರು ಮುಖದ ಮೈ, ಮೇಜಿನಿಂದ ಉರುಳದಂತೆ. ಮೈ ಮಧ್ಯದಲ್ಲೊಂದು ಸೂಜಿರಂಧ್ರ: ಇಂಕು ಇಳಿದಂತೆ ಗಾಳಿ ಒಳಗೆ ಬಂದು ಒತ್ತಡ ಸಮವಾಗಲಿ ಎಂದು. ಕ್ಯಾಪಿನ ತುದಿಯ ತೂತು ಬೇರೆಯೇ ಕಾರಣಕ್ಕೆ. ಮಗು ಕ್ಯಾಪ್ ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲು ಒಂದಿಷ್ಟು ದಾರಿಯಿರಲಿ ಎಂದು! 2006ರ ಹೊತ್ತಿಗೆ ಈ ಕಂಪನಿ ಮಾರಿದ ಬಾಲ್‌ಪೆನ್ನುಗಳು ಹತ್ತು ಸಾವಿರ ಕೋಟಿ ಮುಟ್ಟಿದ್ದವು.

ನಮ್ಮಲ್ಲಿ ಮನೆಮಾತಾದ ಪೆನ್ನಿನ ಪಟ್ಟ ಬಿಳಿ ಮೈ, ನೀಲಿ ಕ್ಯಾಪಿನ ರೆನಾಲ್ಡ್ಸ್ 045ರದು. ಅದು ನಿಂತೇ ಹೋಯಿತೆಂದು 2023ರಲ್ಲಿ ವದಂತಿ ಹಬ್ಬಿ, ಜನ ಹಳಹಳಿಸಿ, ಕೊನೆಗೆ ಕಂಪನಿಯೇ ಅಲ್ಲಗಳೆಯಬೇಕಾಯಿತು.

ಅರ್ಧ ಇಂಕಿದ್ದೂ ಬಾಲ್‌ಪೆನ್ನು ಮುಷ್ಕರ ಹೂಡುವುದೇಕೆ? ಹಲವು ಸಲ ತಪ್ಪು ಕಾಗದದ್ದು. ಬೆವರಿದ ಅಂಗೈ ಒರಗಿದ ಜಾಗದಲ್ಲಿ, ಎಣ್ಣೆಗೈ ತಾಗಿದಲ್ಲಿ, ನುಣುಪಾದ ರಸೀದಿಯ ಮೇಲೆ ಗುಂಡು ಉರುಳುವುದಿಲ್ಲ, ಜಾರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಾಗ ನಾಲ್ಕಂಕೆಗೇ ನಿಲ್ಲುವುದಕ್ಕೆ ಕಾರಣ ಬೇರೆ: ಇಂಕು ಇಳಿಯಲು ಮೂತಿ ಕೆಳಗಿರಬೇಕು. ಮೇಲ್ಮುಖವಾದರೆ ಗುಂಡಿನ ಹಿಂದೆ ಗಾಳಿ ಸೇರಿಕೊಳ್ಳುತ್ತದೆ. ರಿಫಿಲ್ಲನ್ನು ಅಂಗೈಗಳ ನಡುವೆ ಹೊಸೆಯುವ ಶಾಲಾ ಮಕ್ಕಳ ಉಪಾಯದಲ್ಲಿ ಅರ್ಥವಿದೆ, ಬಿಸಿ ತಾಗಿದರೆ ಮಂದ ಇಂಕು ಸಡಿಲಾಗುತ್ತದೆ. ಹಿಂದಿನಿಂದ ಊದುವ ಉಪಾಯದಲ್ಲೂ ಇದೆ, ಆದರೆ ಬಿಳಿ ಅಂಗಿ ಹಾಕಿದ ದಿನ ಬೇಡ.

ಜೆಲ್ ಇಂಕು ಜಪಾನಿನ ಸಕುರಾ ಕಂಪನಿಯ ಕೊಡುಗೆ, 1984ರದು. ನಿಂತಾಗ ಗಟ್ಟಿ, ಗುಂಡು ಉರುಳಿದಾಗ ತೆಳು. ಅದೇ ಅದರ ಜಾಣತನ. ಜೆಲ್ ರಿಫಿಲ್ಲಿನ ಬಾಲದಲ್ಲಿ ಕಾಣುವ ಅಂಟಂಟು ದ್ರವ ಕೆಟ್ಟ ಇಂಕಲ್ಲ. ಇಂಕು ಆವಿಯಾಗದಂತೆ, ಹಿಂದಕ್ಕೆ ಸೋರದಂತೆ ಹಾಕಿದ ಗ್ರೀಸು. ಜೆಲ್ ಪೆನ್ನು ಮೂತಿ ಕೆಳಗಾಗಿ ನೆಲಕ್ಕೆ ಬಿದ್ದರೆ ಬಹುತೇಕ ಮುಗಿದ ಹಾಗೆ. ಬೀಳದಿದ್ದರೂ ಬಾಲ್‌ಪೆನ್ನಿಗಿಂತ ಬೇಗ ಬರಿದಾಗುತ್ತದೆ, ಗೆರೆಗೆ ಅದು ಖರ್ಚು ಮಾಡುವ ಇಂಕು ಅಷ್ಟು ಹೆಚ್ಚು. ಎರಡರ ನಡುವಿನ ರಾಜಿ ಎಂದರೆ ಎಣ್ಣೆ ಇಂಕನ್ನೇ ತೆಳುವಾಗಿಸಿದ ಪೆನ್ನು. 2006ರಲ್ಲಿ ಜಪಾನಿನಲ್ಲಿ ಬಂದ ಯೂನಿ ಜೆಟ್‌ಸ್ಟ್ರೀಮ್ ಆ ಜಾತಿಯದು. ದಿನಕ್ಕೆ ಹತ್ತು ಪುಟ ಬರೆಯುವವರಿಗೆ ನನ್ನ ಮತ ಈ ಜಾತಿಗೇ.

ಉದ್ದನೆಯ ಲೋಹದ ರಿಫಿಲ್ಲೊಂದು ಹಲವು ಕಂಪನಿಗಳ ಪೆನ್ನಿಗೆ ಹೊಂದುವುದನ್ನು ಗಮನಿಸಿದ್ದೀರಾ? ಪಾರ್ಕರ್ 1954ರಲ್ಲಿ ತಂದ ಜಾಟರ್ ಪೆನ್ನಿನ ಬಗೆಯ ಆ ರಿಫಿಲ್ ಈಗ ಜಿ2 ಎಂಬ ಅಂತರರಾಷ್ಟ್ರೀಯ ಅಳತೆ. ಮೈ ಇಷ್ಟವಾಗಿ ಬರಹ ಹಿಡಿಸದಿದ್ದರೆ ಪೆನ್ನನ್ನೇ ಎಸೆಯಬೇಕಿಲ್ಲ.

ಅಮೆರಿಕದ ಸರ್ಕಾರಿ ಕಚೇರಿಗಳ ಪೆನ್ನಿನ ಹೆಸರು ಸ್ಕಿಲ್‌ಕ್ರಾಫ್ಟ್. 1952ರಿಂದ ಅದನ್ನು ಜೋಡಿಸುತ್ತಿರುವವರು ದೃಷ್ಟಿಹೀನ ಕೆಲಸಗಾರರು. ಈ ಬಡಪಾಯಿ ಪೆನ್ನು ಹೇಗಿರಬೇಕೆಂಬ ಸರ್ಕಾರಿ ನಿಯಮ ಹದಿನಾರು ಪುಟ! ಒಂದು ಮೈಲಿ ಎಡೆಬಿಡದೆ ಬರೆಯಬೇಕು, ಸುಮಾರು 71 ಡಿಗ್ರಿ ಸೆಲ್ಸಿಯಸ್ ಬಿಸಿಗೂ ಮೈನಸ್ 40ರ ಚಳಿಗೂ ಜಗ್ಗಬಾರದು.

ಬಾಹ್ಯಾಕಾಶದ ಪೆನ್ನಿಗೆ ನಾಸಾ ಕೋಟಿಗಟ್ಟಲೆ ಸುರಿಯಿತು, ರಷ್ಯನ್ನರು ಪೆನ್ಸಿಲ್ ಒಯ್ದರು ಎಂಬ ಕಥೆ ಸುಳ್ಳು. ಮೊದಮೊದಲು ಇಬ್ಬರೂ ಪೆನ್ಸಿಲ್ ಒಯ್ದವರೇ. ಪಾಲ್ ಫಿಶರ್ ಎಂಬ ಉದ್ಯಮಿ ಸ್ವಂತ ಹಣದಲ್ಲಿ, ರಿಫಿಲ್ಲಿನೊಳಗೆ ಒತ್ತಡದ ನೈಟ್ರೋಜನ್ ತುಂಬಿದ ಪೆನ್ನು ರೂಪಿಸಿದ. 1968ರ ಅಪೋಲೊ 7ರಲ್ಲಿ ಅದು ಹಾರಿತು. ಮರುವರ್ಷ ಸೋವಿಯತ್ತರೂ ಕೊಂಡರು.

ಕ್ಯಾಪ್ ಹಾಕದೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಪೆನ್ನು ಒಣಗೀತು, ಸರಿ. ಬರೆದದ್ದೇ ಮಾಯವಾದರೆ? ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನಿನ ಇಂಕು ಸುಮಾರು 60 ಡಿಗ್ರಿ ದಾಟಿದರೆ ಬಣ್ಣ ಕಳೆದುಕೊಳ್ಳುತ್ತದೆ. ಉಜ್ಜಿದರೆ ಅಳಿಯುವುದೂ ಆ ಉಜ್ಜಿದ ಬಿಸಿಗೇ. ಫ್ರೀಜರಿನ ಮೈ ಕೊರೆಯುವ ಚಳಿಯಲ್ಲಿಟ್ಟರೆ ಅಕ್ಷರ ಮತ್ತೆ ಮೂಡುತ್ತದೆ. ಕರಾರುಪತ್ರಕ್ಕೆ ಇದನ್ನು ಮುಟ್ಟಬೇಡಿ. ದಾಖಲೆಗೆ ಬರೆಯುವುದಿದ್ದರೆ ರಿಫಿಲ್ ಮೇಲೆ ‘DOC’ (ಡಾಕ್) ಗುರುತೋ ಐಎಸ್‌ಒ 12757-2 ಎಂಬ ಅಚ್ಚೋ ಇದೆಯೇ ನೋಡಿ. ನೀರು, ಬೆಳಕು, ಅಳಿಸುವ ರಾಸಾಯನಿಕಗಳಿಗೆ ತಡೆದುಕೊಳ್ಳುವ ಇಂಕಿಗೆ ಕೊಡುವ ಗುರುತದು.

ಚೆಕ್ಕಿಗೆ ಕಪ್ಪು ಇಂಕು ನಿಷೇಧವಾಯಿತೆಂದು ವಾಟ್ಸಾಪಿನಲ್ಲಿ ಬಂದಿತ್ತೇ? ಅದೂ ಸುಳ್ಳು. ರಿಸರ್ವ್ ಬ್ಯಾಂಕ್ ಇಂಥದೇ ಬಣ್ಣವೆಂದು ಕಟ್ಟುಮಾಡಿಲ್ಲ. ಸಿಇಟಿಯ ಒಎಂಆರ್ ಹಾಳೆಗೆ ಮಾತ್ರ ನೀಲಿ ಅಥವಾ ಕಪ್ಪು ಬಾಲ್‌ಪೆನ್ನೇ ಬೇಕು.

ತಪ್ಪು ಪೆನ್ನಿಗೆ ಚುನಾವಣೆಯೇ ಬಲಿಯಾದದ್ದೂ ಉಂಟು. 2016ರ ಜೂನ್‌ನಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಡಜನ್‌ನಷ್ಟು ಕಾಂಗ್ರೆಸ್ ಶಾಸಕರ ಮತ ತಿರಸ್ಕೃತವಾದವು. ಕಾರಣ, ಅಧಿಕಾರಿ ಕೊಟ್ಟ ಪೆನ್ನಿನ ಬದಲು ಬೇರೆ ಇಂಕಿನ ಬರಹ. ಆ ಮತಗಳಿಂದ ಗೆಲ್ಲುವರೆಂದುಕೊಂಡಿದ್ದ ಅಭ್ಯರ್ಥಿ ಆರ್.ಕೆ. ಆನಂದ್ ಸೋತರು, ಎದುರಾಳಿ ಸುಭಾಷ್ ಚಂದ್ರ ಗೆದ್ದರು. ಮತದಾರನ ಬೆರಳಿಗೆ 1962ರಿಂದ ಮೈಸೂರಿನ ಶಾಯಿ ಬಳಿಯುತ್ತ ಬಂದ ಚುನಾವಣಾ ಆಯೋಗ ಈಗ ಜನಪ್ರತಿನಿಧಿಗಳ ಪೆನ್ನಿನತ್ತಲೂ ಕಣ್ಣಿಟ್ಟಿತು. 2017ರ ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು, ಶಾಸಕರು ತಮ್ಮ ಪೆನ್ನನ್ನು ಹೊರಗೇ ಕೊಟ್ಟು, ಒಳಗೆ ಆಯೋಗದ ನೇರಳೆ ಇಂಕಿನ ಪೆನ್ನಿನಿಂದ ಮತ ಬರೆದು ಬಂದರು.