ಹಡಗಿನಿಂದಿಳಿದು ಹಾಳೂರಿಗೆ

ಒಬ್ಬ ಅಂತಿಮ ಬಿ.ಎ. ವಿದ್ಯಾರ್ಥಿ

'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಊರೇ ಹಾಳಾದ ಮೇಲೆ ಗೌಡಿಕೆ ಯಾತಕ್ಕೆ ಎಂಬ ಹಾಸ್ಯ ಅದರಲ್ಲಿದೆ. ಆದರೆ ಹಾಳೂರನ್ನೇ ನಂಬಿ, ಮರ್ಯಾದೆಯಿಂದ ಸಂಸಾರ ಸಾಗಿಸುವ ಗೌಡರೂ ಈ ಪ್ರಪಂಚದಲ್ಲಿ ಉಂಟು. ಅವರು ಯಾರು, ಅವರ ಕೆಲಸ ಎಂಥದು ಎಂಬುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಅಣ್ಣನಿಂದ. ಅವನು ಪಿ.ಯು.ಸಿ.ಗೆ ಓದು ಮುಗಿಸಿ, ವಿಹಾರನೌಕೆಯೊಂದರಲ್ಲಿ ಪ್ರಯಾಣಿಕರ ಕೋಣೆಗಳನ್ನು ಓರಣಗೊಳಿಸುವ ಕೆಲಸಕ್ಕೆ ಸೇರಿದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಹತ್ತಿಸಿದವನು ಅವನು. ಅವನ ಹಡಗು ಭೂಮಧ್ಯ ಸಮುದ್ರದಲ್ಲಿ ಬಂದರಿನಿಂದ ಬಂದರಿಗೆ ಸುತ್ತುತ್ತದೆ. ತುರ್ಕಿಯ ಕುಶಾದಸಿ ಎಂಬ ಬಂದರಿಗೆ ಬಂದ ದಿನ ಬೆಳಗ್ಗೆ ಹಡಗು ಹೆಚ್ಚುಕಡಿಮೆ ಬರಿದಾಗುತ್ತದೆಂದೂ, ಎಲ್ಲರೂ 'ಬಿದ್ದ ಊರೊಂದನ್ನು' ನೋಡಲು ಹೋಗುತ್ತಾರೆಂದೂ ಅವನು ಫೋನಿನಲ್ಲಿ ಹೇಳಿದ್ದ. ಬೀಡಿ ಕಟ್ಟುತ್ತ ಕುಳಿತಿದ್ದ ಅಮ್ಮ, "ಬಿದ್ದ್ ಕಲ್ಲ್ ಕಾಂಬುಕೆ ಅಷ್ಟ್ ದುಡ್ಡ್ ಕೊಡ್ತ್ರಾ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಈ ಲೇಖನ ಬೆಳೆಯಿತು.

ಮೊದಲು ವ್ಯವಸ್ಥೆಯನ್ನು ನೋಡೋಣ. ವಿಹಾರನೌಕೆಯು ರಾತ್ರಿ ಸಂಚರಿಸಿ ಬೆಳಗ್ಗೆ ಒಂದು ಬಂದರನ್ನು ಸೇರುತ್ತದೆ. ಸಂಜೆ ಮತ್ತೆ ಹೊರಡುತ್ತದೆ. ನಡುವಿನ ಎಂಟು ಹತ್ತು ಗಂಟೆಗಳೇ ಪ್ರಯಾಣಿಕನಿಗೆ ಸಿಗುವ ನೆಲದ ವೇಳೆ. ಈ ವೇಳೆಯಲ್ಲಿ ಕೈಗೊಳ್ಳುವ ಪ್ರವಾಸಕ್ಕೆ ತೀರಪ್ರವಾಸವೆನ್ನಬಹುದು. ಇದರಲ್ಲಿ ಎರಡು ಬಗೆ. ಹಡಗಿನ ಕಂಪೆನಿಯೇ ಏರ್ಪಡಿಸುವ ಪ್ರವಾಸ ಒಂದು: ನಲವತ್ತರಷ್ಟು ಜನ ಒಂದು ಬಸ್ಸಿನಲ್ಲಿ ಕುಳಿತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಮುಂದೆ ಹಿಡಿದ ಸಂಖ್ಯೆಯ ಫಲಕವನ್ನು ಹಿಂಬಾಲಿಸುವುದು. ಇನ್ನೊಂದು ಖಾಸಗಿ ಪ್ರವಾಸ: ಒಂದು ಸಂಸಾರವೋ ನಾಲ್ಕಾರು ಗೆಳೆಯರೋ ಸೇರಿ ಮೊದಲೇ ಸ್ಥಳೀಯ ಮಾರ್ಗದರ್ಶಿಯೊಬ್ಬನನ್ನು ಗೊತ್ತುಮಾಡಿಕೊಳ್ಳುವುದು. ಅವನು ಬಂದರಿನ ಬಾಗಿಲಲ್ಲಿ ಅವರ ಹೆಸರು ಬರೆದ ಹಲಗೆ ಹಿಡಿದು ನಿಂತಿರುತ್ತಾನೆ. ಮುದುಕರಿದ್ದರೆ ನಿಧಾನ, ಮಕ್ಕಳಿದ್ದರೆ ಕಥೆ, ಪಂಡಿತರಿದ್ದರೆ ಶಾಸನ - ಹೀಗೆ ಬಂದವರಿಗೆ ತಕ್ಕಂತೆ ದಿನವನ್ನು ಹೊಂದಿಸುವುದು ಅವನ ಜಾಣತನ.

ಖಾಸಗಿ ಪ್ರವಾಸದಲ್ಲಿ ಒಂದು ದೊಡ್ಡ ಅಪಾಯವೂ ಉಂಟು, ಅದು ಗಡಿಯಾರದ್ದು. ಕಂಪೆನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಕಂಪೆನಿಯೇ ಪ್ರಯಾಣಿಕರನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ಖಾಸಗಿಯಾಗಿ ಹೋದವರು ತಡಮಾಡಿದರೆ ಹಡಗು ಹೊರಟುಬಿಡುತ್ತದೆ. ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಧಾವಿಸಬೇಕು. ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ವ್ಯತ್ಯಾಸವಿರುವುದೂ ಉಂಟು. ಆದ್ದರಿಂದ ಒಳ್ಳೆಯ ಮಾರ್ಗದರ್ಶಿಯು ದಿನದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತಾನೆ. ಹಡಗು ಆರಕ್ಕೆ ಹೊರಡುವುದಾದರೆ ಐದೂವರೆಗೆ ಎಲ್ಲರೂ ಹತ್ತಿರಬೇಕು. ಹಾಗಾದರೆ ನಾಲ್ಕೂವರೆಗೆ ಬಂದರಿನಲ್ಲಿರಬೇಕು. ಹಾಗಾದರೆ ಊಟ ಎಷ್ಟು ಹೊತ್ತಿಗೆ, ಹಾಳೂರಿಗೆ ಎಷ್ಟು ಹೊತ್ತು - ಹೀಗೆ. ಹಾಗೆಯೇ, ದಾರಿಯಲ್ಲಿ ರತ್ನಗಂಬಳಿಯ ಅಂಗಡಿಗೆ ಕರೆದೊಯ್ಯುವುದುಂಟೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಪ್ರಯಾಣಿಕನಿಗೂ ಮಾರ್ಗದರ್ಶಿಗೂ ಕ್ಷೇಮ.

ಇನ್ನು ಆ ಹಾಳೂರು ಯಾವುದು? ಅದೇ ಎಫೆಸಸ್. ಕುಶಾದಸಿಯಿಂದ ಸುಮಾರು 20 ಕಿಲೋಮೀಟರು, ಅರ್ಧ ಗಂಟೆಯ ದಾರಿ. ಸೆಲ್ಚುಕ್ ಎಂಬ ಪಟ್ಟಣದ ಪಕ್ಕದಲ್ಲಿದೆ. ಗ್ರೀಕರು ನೆಲೆಯೂರಿ, ರೋಮನರು ಬೆಳೆಸಿದ ಈ ನಗರವು ರೋಮನರ ಏಷ್ಯಾ ಪ್ರಾಂತದ ಮುಖ್ಯ ನಗರವಾಗಿತ್ತು. ಅದರ ಸಂಪತ್ತಿಗೆ ಕಾರಣ ಬಂದರು. ಅದರ ನಾಶಕ್ಕೆ ಕಾರಣವೂ ಬಂದರೇ. ಕೇಸ್ಟರ್ ನದಿ, ಈಗಿನ ಹೆಸರಿನಲ್ಲಿ ಕುಚುಕ್ ಮೆಂಡೆರೆಸ್, ವರ್ಷವರ್ಷವೂ ಹೂಳು ತಂದು ಬಂದರಿನಲ್ಲಿ ಸುರಿಯುತ್ತಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಟ್ಟಲಸ್ ಎಂಬ ದೊರೆ, ಬಂದರಿನ ಬಾಯಿಯನ್ನು ಕಿರಿದುಮಾಡಿದರೆ ನೀರು ಆಳವಾಗುವುದೆಂದು ನಂಬಿ ಅಡ್ಡಗಟ್ಟೆ ಕಟ್ಟಿಸಿದನಂತೆ. ಅದುವರೆಗೆ ಕಡಲಿನ ಏರಿಳಿತ ಹೂಳನ್ನು ಹೊರಕ್ಕೆ ಸೆಳೆದೊಯ್ಯುತ್ತಿತ್ತು. ಗಟ್ಟೆ ಬಂದ ಮೇಲೆ ಹೂಳೆಲ್ಲ ಒಳಗೇ ನಿಂತಿತು. ಭೂಗೋಳಕಾರ ಸ್ಟ್ರಾಬೊ ಇದನ್ನು ಬರೆದಿಟ್ಟಿದ್ದಾನೆ. ಮೂರನೆಯ ಶತಮಾನದಲ್ಲಿ ಗಾಥರ ದಾಳಿಯಾಯಿತು; ಭೂಕಂಪಗಳಾದವು; ಆದರೂ ಊರು ಬಹುಕಾಲ ಉಸಿರು ಹಿಡಿದಿತ್ತು. ಕೊನೆಗೆ ಹಡಗು ಬಾರದ ಬಂದರನ್ನು ಜನರು ತೊರೆದರು. ಇಂದು ಕಡಲು ಅಲ್ಲಿಂದ ಐದಾರು ಕಿಲೋಮೀಟರು ದೂರ ಸರಿದಿದೆ. ಹಡಗು ಬಾರದೆ ಸತ್ತ ಊರು ಈಗ ಹಡಗು ಬಂದುದರಿಂದ ಜನರನ್ನು ಕಾಣುತ್ತಿದೆ. ವಿಧಿಯ ಲೀಲೆ ಎನ್ನದೆ ಇನ್ನೇನೆನ್ನೋಣ!

ಈ ಸ್ಥಳಕ್ಕೆ ಮೇಲೊಂದು, ಕೆಳಗೊಂದು ಬಾಗಿಲು. ಜಾಣ ಮಾರ್ಗದರ್ಶಿ ಪ್ರಯಾಣಿಕರನ್ನು ಮೇಲಿನ ಬಾಗಿಲಲ್ಲಿ ಇಳಿಸಿ, ವಾಹನವನ್ನು ಕೆಳಗಿನ ಬಾಗಿಲಿಗೆ ಕಳುಹಿಸುತ್ತಾನೆ. ಹೀಗೆ ಇಳಿಜಾರಿನಲ್ಲಿ ನಡೆಯುತ್ತ ಎರಡು ಗಂಟೆಯಲ್ಲಿ ಊರನ್ನು ದಾಟಬಹುದು. ಅಮೃತಶಿಲೆ ಹಾಸಿದ ಬೀದಿ, ಸಾಲುಗಂಬಗಳು, ಹೇಡ್ರಿಯನ್ ಚಕ್ರವರ್ತಿಯ ಹೆಸರಿನ ಗುಡಿ, ಸಾಲಾಗಿ ಕುಳಿತುಕೊಳ್ಳುವ ಸಾರ್ವಜನಿಕ ಶೌಚಾಲಯ, ಸಿರಿವಂತರ ಮಹಡಿಮನೆಗಳು - ಇವನ್ನು ನೋಡುತ್ತ ಬಂದರೆ ಬೀದಿಯ ತುದಿಯಲ್ಲಿ ಸೆಲ್ಸಸ್ ಗ್ರಂಥಾಲಯದ ಎರಡಂತಸ್ತಿನ ಮುಂಭಾಗ ಎದ್ದು ನಿಂತಿದೆ. ಪ್ರಾಂತಾಧಿಕಾರಿಯಾಗಿದ್ದ ಸೆಲ್ಸಸ್‌ನ ನೆನಪಿಗಾಗಿ ಅವನ ಮಗ ಅಕ್ವಿಲನು ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಲು ತೊಡಗಿದ. ತಂದೆಯ ಸಮಾಧಿ ಗ್ರಂಥಾಲಯದ ಅಡಿಯಲ್ಲೇ ಇದೆ. ಅಲ್ಲಿಂದ ಮುಂದೆ ಸುಮಾರು 25,000 ಜನ ಕೂರಬಹುದಾಗಿದ್ದ ನಾಟಕಶಾಲೆ. ಅದರೆದುರು ಹಳೆಯ ಬಂದರಿಗೆ ಹೋಗುವ ನೇರವಾದ ಹೆದ್ದಾರಿ. ಆ ದಾರಿಯ ಕೊನೆಯಲ್ಲಿ ಈಗ ಜೌಗುನೆಲ ಮಾತ್ರ.

ಪರಸ್ಥಳದವರು ಬಂದು ನೋಡುವುದು ಇಲ್ಲಿ ಹೊಸತೇನೂ ಅಲ್ಲ. ಪ್ರಾಚೀನ ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದಾದ ಆರ್ಟೆಮಿಸ್ ದೇವಿಯ ಆಲಯ ಇಲ್ಲಿತ್ತು. ಯಾತ್ರಿಕರಿಗಾಗಿ ಬೆಳ್ಳಿಯ ಚಿಕ್ಕ ಚಿಕ್ಕ ಗುಡಿಗಳನ್ನು ಮಾಡಿ ಮಾರುವ ಅಕ್ಕಸಾಲಿಗರಿದ್ದರು. ಸಂತ ಪೌಲನ ಬೋಧನೆಯಿಂದ ತಮ್ಮ ವ್ಯಾಪಾರ ಕೆಡುವುದೆಂದು ಅವರು ಎಬ್ಬಿಸಿದ ಗಲಭೆ ಬೈಬಲ್ಲಿನಲ್ಲಿ ವರ್ಣಿತವಾಗಿದೆ. ಗುಂಪು ನುಗ್ಗಿದ್ದು ಅದೇ ನಾಟಕಶಾಲೆಗೆ. 1867ರಲ್ಲಿ 'ಕ್ವೇಕರ್ ಸಿಟಿ' ಎಂಬ ಹಡಗಿನಲ್ಲಿ ಬಂದ ಅಮೆರಿಕದ ಪ್ರವಾಸಿಗಳು ಸ್ಮಿರ್ನಾ ಬಂದರಿನಲ್ಲಿ, ಎಂದರೆ ಇಂದಿನ ಇಜ್ಮಿರಿನಲ್ಲಿ ಇಳಿದು, ರೈಲು ಹಿಡಿದು, ಆಮೇಲೆ ಕತ್ತೆಗಳನ್ನೇರಿ ಇಲ್ಲಿಗೆ ಬಂದರು. ಅವರಲ್ಲಿ ಸಾಹಿತಿ ಮಾರ್ಕ್ ಟ್ವೈನ್ ಇದ್ದ. ತೀರಪ್ರವಾಸದ ಹಳೆಯ ಉದಾಹರಣೆಗಳಲ್ಲಿ ಇದೊಂದು.

ಆ ಹೊತ್ತಿಗೆ ಆರ್ಟೆಮಿಸ್ ಆಲಯ ಎಲ್ಲಿತ್ತೆಂಬುದೇ ಯಾರಿಗೂ ತಿಳಿದಿರಲಿಲ್ಲ. ರೈಲು ನಿಲ್ದಾಣಗಳ ಕೆಲಸಕ್ಕೆಂದು ಬಂದಿದ್ದ ಇಂಗ್ಲಿಷ್ ವಾಸ್ತುಶಿಲ್ಪಿ ಜಾನ್ ಟರ್ಟಲ್ ವುಡ್ 1863ರಿಂದ ಹುಡುಕುತ್ತಿದ್ದ. ನಾಟಕಶಾಲೆಯಲ್ಲಿ ಸಿಕ್ಕಿದ ಶಾಸನವೊಂದರಲ್ಲಿ ದೇವಿಯ ಮೆರವಣಿಗೆ ಯಾವ ಬಾಗಿಲಿನಿಂದ ಬರುತ್ತಿತ್ತೆಂದು ಕೆತ್ತಿತ್ತು. ಆ ದಾರಿಯನ್ನೇ ಹಿಡಿದು ಅಗೆಯುತ್ತ ಹೋಗಿ 1869ರ ಕೊನೆಯ ದಿನ ಅವನು ಆಲಯದ ನೆಲವನ್ನು ಮುಟ್ಟಿದ. ಇಂದು ಅಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಕಂಬ. ತುದಿಯಲ್ಲಿ ಕೊಕ್ಕರೆಯ ಗೂಡು. ನಗರದ ಉತ್ಖನನವನ್ನು ಆಸ್ಟ್ರಿಯದ ವಿದ್ವಾಂಸರು 1895ರಲ್ಲಿ ಆರಂಭಿಸಿದರು. ನೆಲಕ್ಕೆ ಬಿದ್ದಿದ್ದ ಗ್ರಂಥಾಲಯದ ಮುಂಭಾಗವನ್ನು 1970ರಿಂದ 1978ರವರೆಗೆ ಕಲ್ಲು ಕಲ್ಲು ಜೋಡಿಸಿ ಎತ್ತಿ ನಿಲ್ಲಿಸಿದವರೂ ಅವರೇ. 2015ರಲ್ಲಿ ಎಫೆಸಸ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟೆಲ್ಲ ಕಥೆ ಕಲ್ಲಿನ ಮೇಲೆ ಬರೆದಿರುವುದಿಲ್ಲ, ಯಾರಾದರೂ ಹೇಳಬೇಕು. ತುರ್ಕಿಯಲ್ಲಿ ಮನಬಂದವರೆಲ್ಲ ಈ ಕೆಲಸ ಮಾಡುವಂತಿಲ್ಲ. 2012ರಲ್ಲಿ ಮಾರ್ಗದರ್ಶಿಗಳ ವೃತ್ತಿಗೆಂದೇ ಒಂದು ಕಾನೂನು ಬಂದಿದೆ; ಪರವಾನಗಿ ಪಡೆದವರೇ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಜನರನ್ನು ಕರೆದೊಯ್ಯಬೇಕು. ಚರಿತ್ರೆ ಓದಿದವನಿಗೆ ಅದೊಂದು ಗೌರವದ ಉದ್ಯೋಗ.

ಇದರ ಬೆಲೆ ನನಗೆ ತಿಳಿದದ್ದು ಒಂದು ಶನಿವಾರದ ಮಧ್ಯಾಹ್ನ. ಹಡಗಿನ ಕೆಲಸಗಾರರಿಗೆ ಬಂದರಿನಲ್ಲಿ ಬಿಡುವು ಸಿಗುವುದು ಪಾಳಿಯ ಮೇಲೆ. ಎಷ್ಟೋ ಸಲ ಆ ಬಂದರಿಗೆ ಹೋದ ಅಣ್ಣನಿಗೆ ಅಂದು ಮೊದಲ ಬಾರಿ ನಾಲ್ಕು ಗಂಟೆಯ ಬಿಡುವು ಒದಗಿತ್ತು. ಜೊತೆಗಾರರೊಂದಿಗೆ ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಹೋಗಿದ್ದ. ಮಾರ್ಗದರ್ಶಿಗೆ ಕೊಡುವಷ್ಟು ಹಣ ಅವರಲ್ಲಿರಲಿಲ್ಲ. ಅವನ ಒಂದು ಗಂಟೆ, ನಮ್ಮ ಮೂರೂವರೆ. ವಿಡಿಯೋ ಕರೆ ಬಂತು. "ಬಿಸಿಲಂದ್ರೆ ಬಿಸಿಲ್ ಮಾರಾಯ, ಬರೇ ಕಲ್ಲ್. ಎಂಥ ಕಾಂಬುದ್ ಇಲ್ಲಿ?" ಎಂದ. ಅವನ ಬೆನ್ನ ಹಿಂದೆ ಗ್ರಂಥಾಲಯ ಕಾಣುತ್ತಿತ್ತು. ನಾನು ಓದಿದ್ದನ್ನೆಲ್ಲ ಹೇಳತೊಡಗಿದೆ. ಕೆಳಗಿನ ಸಾಲಿನಲ್ಲಿ ನಿಂತ ನಾಲ್ವರು ಹೆಂಗಸರು ಯಾರೆಂದು ಕೇಳಿದ. ಅವರು ವಿವೇಕ, ಸದ್ಗುಣ, ಚಿಂತನೆ, ಜ್ಞಾನ. ನೀನು ನೋಡುತ್ತಿರುವುದು ಪ್ರತಿಗಳು, ಮೂಲ ವಿಗ್ರಹಗಳು ವಿಯೆನ್ನಾದಲ್ಲಿವೆ ಎಂದೆ. ಅಪ್ಪನಿಗಾಗಿ ಮಗ ಕಟ್ಟಿಸಿದ ಗ್ರಂಥಾಲಯ ಎಂದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜೊತೆಗಾರರನ್ನೂ ಹತ್ತಿರ ಕರೆದ. ಒಬ್ಬ ಗೋವದವನು, ಒಬ್ಬ ಫಿಲಿಪೈನ್ಸಿನವನು. ನನ್ನ ಮುರುಕು ಇಂಗ್ಲಿಷಿನಲ್ಲಿ ಬಂದರಿನ ಹೂಳಿನ ಕಥೆಯನ್ನು ಮತ್ತೊಮ್ಮೆ ಹೇಳಬೇಕಾಯಿತು. ಕರೆ ಮುಗಿಸುವಾಗ ಅಣ್ಣ, "ಈಗ ಕಂಡ ಹಾಂಗಾಯ್ತ್" ಎಂದ. ಅವನು ದುಡಿದ ಹಣದಿಂದ ಕಲಿತದ್ದನ್ನು ಅವನಿಗೇ ಹಿಂತಿರುಗಿಸಿದ್ದು ಅದೇ ಮೊದಲು. ಅಮ್ಮನ ಪ್ರಶ್ನೆಗೂ ಉತ್ತರ ದೊರೆಯಿತು: ದುಡ್ಡು ಕಲ್ಲಿಗಲ್ಲ, ಕಲ್ಲು ಮಾತಾಡುವಂತೆ ಮಾಡುವವನಿಗೆ.

ನಮ್ಮಲ್ಲಿಯೂ ನವಮಂಗಳೂರು ಬಂದರಿಗೆ ವಿಹಾರನೌಕೆಗಳು ಬರುವುದುಂಟು. ಹಂಪೆ ದೂರ, ಒಂದೇ ಹಗಲಿನಲ್ಲಿ ಹೋಗಿ ನೋಡಿ ಮರಳುವುದು ಆಗದ ಮಾತು. ಆದ್ದರಿಂದ ಪ್ರಯಾಣಿಕರು 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರಕಂಬದ ಬಸದಿಯನ್ನೂ, 1432ರಲ್ಲಿ ನಿಲ್ಲಿಸಿದ ಕಾರ್ಕಳದ ಬಾಹುಬಲಿಯನ್ನೂ ನೋಡುತ್ತಾರೆ. ಇನ್ನೂ ಉತ್ತರಕ್ಕೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾರಕೂರು ಇದೆ. ಆಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಒಂದು ಪ್ರಾಂತದ ಆಡಳಿತ ಕೇಂದ್ರ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದುವೆಂದು ಹಿರಿಯರು ಹೇಳುತ್ತಾರೆ. ಕತ್ತಲೆ ಬಸದಿಯ ಕಂಬಗಳ ನಡುವೆ ನಾನೂ ಅಣ್ಣನೂ ಚಿಕ್ಕಂದಿನಲ್ಲಿ ಅಡಗುವ ಆಟ ಆಡಿದ್ದೇವೆ. ಅದು ಏನೆಂದು ನಮಗೆ ಹೇಳಿದವರಿರಲಿಲ್ಲ, ನಾವೂ ಕೇಳಿದವರಲ್ಲ.

ಚರಿತ್ರೆಯ ಬಿ.ಎ. ಮಾಡಿ ಏನು ಪ್ರಯೋಜನ ಎಂದು ಬಂಧುಗಳು ಕೇಳುತ್ತಾರೆ. ಹಡಗಿಗೆ ಸೇರು, ಅಣ್ಣನಂತೆ ನಾಲ್ಕು ಕಾಸು ಕಾಣುವೆ ಎನ್ನುವವರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆ ಕಾಸಿನಿಂದಲೇ ನಾನು ಓದಿದ್ದು. ಆದರೆ ಅಣ್ಣ ಮೊನ್ನೆ ಬೇರೆ ಮಾತು ಹೇಳಿದ. ಮುಂದಿನ ರಜಕ್ಕೆ ಬಂದಾಗ ಬಾರಕೂರನ್ನು ಅವನಿಗೆ ಮೊದಲಿನಿಂದ ಕೊನೆಯವರೆಗೆ ತೋರಿಸಬೇಕಂತೆ. ಕಂಬ ಯಾರದು, ಶಾಸನದಲ್ಲಿ ಏನಿದೆ, ಎಲ್ಲವನ್ನೂ. ಅದಕ್ಕಾಗಿ ಈಗ ಹಳೆಗನ್ನಡ ಲಿಪಿಯನ್ನು ಓದಲು ಕಲಿಯುತ್ತಿದ್ದೇನೆ. ಅಮ್ಮನೂ ಬರುತ್ತೇನೆಂದಿದ್ದಾಳೆ. ಹಾಳೂರಿನ ಗೌಡಿಕೆಗೆ ನನ್ನ ಮೊದಲ ಪ್ರಯಾಣಿಕರು ಇವರಿಬ್ಬರು.